ಎರಡನೇ ಕೋಟು

"ಬಿಳಿ ಎರಡು ಕೋಟು ಹೊಡೆದೆ ತಾನೆ?" ಪೆನ್ಸಿಲನ್ನು ಬಾಯಲ್ಲಿ ಕಚ್ಚಿಕೊಂಡೇ ಅಪ್ಪ ಕೇಳಿದ.

"ಹೂಂ," ಎಂದಳು ಕಡ್ಡಿ.

"ಬಿಸಿಲಿಗೆ ಹಿಡಿದು ನೋಡ್ದೆಯಾ?"

"ಹೂಂ."

ಎರಡು ಪುಟ್ಟ ಹೂಂಗಳು. ಎರಡೂ ಸುಳ್ಳು. ಅವನ್ನು ವಾಪಸ್ ನುಂಗೋಣವೆಂದರೆ ಅಪ್ಪ ಆಗಲೇ ಬ್ರಷ್ಷನ್ನು ಕೆಂಪು ಬಣ್ಣದ ಡಬ್ಬಿಗೆ ಅದ್ದಿಬಿಟ್ಟಿದ್ದ.

ಕಡ್ಡಿ ಅವಳ ನಿಜವಾದ ಹೆಸರಲ್ಲ. ಕೈಕಾಲು ಕಡ್ಡಿಯ ಹಾಗಿದ್ದವೆಂದು ಅಜ್ಜಿ ಇಟ್ಟ ಹೆಸರು. ಐದನೇ ಕ್ಲಾಸಿಗೆ ಬಂದರೂ ಅವಳೂ ದಪ್ಪಗಾಗಲಿಲ್ಲ, ಹೆಸರೂ ಹೋಗಲಿಲ್ಲ. ಅವಳ ಅಪ್ಪ ಬೋರ್ಡ್ ಬರೆಯುವ ಪೇಂಟರ್. ಮನೆಯ ಮುಂದಿನ ಕೋಣೆಯೇ ಅಂಗಡಿ.

ಆ ಅಂಗಡಿಯಲ್ಲಿ ಬಟ್ಟೆಯನ್ನು ಎಸೆಯುವ ಮಾತೇ ಇರಲಿಲ್ಲ. ಹಳೆಯ ಬ್ಯಾನರ್ ಬಂದರೆ ಅದಕ್ಕೆ ಬಿಳಿ ಬಣ್ಣ ಹೊಡೆಯಬೇಕು. ಒಣಗಿದ ಮೇಲೆ ಇನ್ನೊಂದು ಸಲ ಹೊಡೆಯಬೇಕು. ಆಮೇಲೆ ಬಿಸಿಲಿಗೆ ಎತ್ತಿ ಹಿಡಿದು, ಹಳೆಯ ಅಕ್ಷರ ಎಲ್ಲಾದರೂ ಕಾಣುತ್ತದೋ ನೋಡಬೇಕು. ಕಾಣದಿದ್ದರೆ ಮಾತ್ರ ಹೊಸದನ್ನು ಬರೆಯುವುದು. ಬಿಳಿ ಹೊಡೆಯುವ ಕೆಲಸ ಈ ವರ್ಷದಿಂದ ಕಡ್ಡಿಯದು.

ಗುರುವಾರ ಸಂಜೆ ಅವಳು ಮೊದಲ ಕೋಟು ಹೊಡೆದಿದ್ದಳು. ಅಷ್ಟಕ್ಕೇ ಡಬ್ಬಿ ಖಾಲಿ. ಇನ್ನೊಂದು ಡಬ್ಬಿ ಬೇಕೆಂದರೆ ಬೀದಿಯ ಕೊನೆಯ ಅಂಗಡಿಗೆ ಹೋಗಬೇಕು. ಶುಕ್ರವಾರ ಹೋಗಬೇಕೆಂದು ಹೊರಟಾಗ ಗೆಳತಿಯರು ಬಾಲ್ ಹಿಡಿದು ಬಾಗಿಲಿಗೇ ಬಂದರು. ಒಳಗೆ ನೆರಳಿನಲ್ಲಿ ಬಟ್ಟೆ ಹಾಲಿನಷ್ಟು ಬೆಳ್ಳಗೆ ಕಾಣುತ್ತಿತ್ತು. ಇಷ್ಟು ಸಾಕು ಅಂದುಕೊಂಡು ಅವಳು ಆಡಲು ಓಡಿದಳು.

ಇವತ್ತು ಶನಿವಾರ. ಆ ಬಟ್ಟೆಯ ಮೇಲೆ ಅಪ್ಪ ಕೆಂಪು ಅಕ್ಷರ ಬರೆಯುತ್ತಿದ್ದಾನೆ: 'ಸಾಕು, ಹೊರಡಿ'.

ಬಿಳಿಯ ಕೆಳಗೆ ಏನಿತ್ತು ಎಂಬುದು ಅವಳಿಗೆ ಗೊತ್ತಿತ್ತು. ನೀಲಿ ಅಕ್ಷರದಲ್ಲಿ, ಅಪ್ಪನದೇ ಕೈಬರಹದಲ್ಲಿ: 'ಎಲ್ಲಿಗೂ ಹೋಗಬೇಡಿ'.

ಎರಡೂ ಬರೆದದ್ದು ಒಬ್ಬರಿಗೇ. ಊರಿನ ಫುಟ್‌ಬಾಲ್ ಟೀಮಿನ ಮ್ಯಾನೇಜರಿಗೆ.

ಐದು ವರ್ಷದ ಹಿಂದೆ ಆ ಮ್ಯಾನೇಜರ್ ಬಂದ ಮೇಲೆ, ಯಾರೂ ಲೆಕ್ಕಕ್ಕೆ ಇಡದಿದ್ದ ಟೀಮು ಕಪ್ ಗೆದ್ದಿತ್ತು. ಕೂಡಲೇ ದೊಡ್ಡ ಊರಿನ ಕ್ಲಬ್ಬೊಂದು ಅವರನ್ನು ಕರೆಯಿತು. ಊರಿಗೆ ಊರೇ ತಳಮಳಿಸಿತು. ಅಪ್ಪ ಊಟ ಬಿಟ್ಟು ನೀಲಿ ಬ್ಯಾನರ್ ಬರೆದ. ಮುಂದಿನ ಮ್ಯಾಚಿನಲ್ಲಿ ಮ್ಯಾನೇಜರ್ ಅದರ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಅವರು ಹೋಗಲಿಲ್ಲ.

ಅಂದಿನಿಂದ ಆ ಬ್ಯಾನರ್ ಅಂಗಡಿಯ ಮೇಲಿನ ಹಲಗೆಯಲ್ಲಿತ್ತು. ಕೆಳಗಿನ ಹಲಗೆಯ ಬಟ್ಟೆಗಳಿಗೆ ಬಿಳಿ ಹೊಡೆಯಬಹುದು. ಮೇಲಿನ ಹಲಗೆಯವನ್ನು ಮುಟ್ಟುವಂತಿಲ್ಲ. ಅಪ್ಪ ಕೆಲಸ ಕಲಿಯುವಾಗ ಬರೆದ ಮೊದಲ ಬೋರ್ಡ್ ಅಲ್ಲಿದೆ. ಅಮ್ಮನ ಟೈಲರಿಂಗ್ ಅಂಗಡಿಯ ಬೋರ್ಡ್ ಅಲ್ಲಿದೆ. ಅಮ್ಮ ಈಗಿಲ್ಲ, ಆ ಅಂಗಡಿಯೂ ಇಲ್ಲ. ಬೋರ್ಡ್ ಇದೆ.

ಈ ವರ್ಷ ಟೀಮು ಸಾಲಾಗಿ ಏಳು ಮ್ಯಾಚ್ ಸೋತಿತು. ಏಳನೆಯದು ಸೋತ ಮರುದಿನ ಅಪ್ಪ ಸ್ಟೂಲ್ ಹತ್ತಿ, ನೀಲಿ ಬ್ಯಾನರನ್ನು ತಾನೇ ಕೆಳಗಿಳಿಸಿ ಕಡ್ಡಿಯ ಮುಂದೆ ಹಾಕಿದ. ಒಳ್ಳೆ ಗಟ್ಟಿ ಬಟ್ಟೆ, ಬಿಳಿ ಹೊಡಿ ಎಂದಷ್ಟೇ ಹೇಳಿದ್ದ.

ಅಂಗಡಿಯ ಎದುರು ಒಂದು ಕಟಿಂಗ್ ಶಾಪ್ ಇತ್ತು. ಅದರ ಬೋರ್ಡನ್ನು ಬರೆದದ್ದು ಬೇರೊಬ್ಬ ಪೇಂಟರ್. ಮೊದಲು ಅಲ್ಲಿದ್ದ ಔಷಧಿ ಅಂಗಡಿಯ ಅಕ್ಷರಗಳು ಬಿಸಿಲು ಬಿದ್ದಾಗಲೆಲ್ಲ ಹೊಸ ಅಕ್ಷರಗಳ ಸಂದಿಯಿಂದ ಇಣುಕುತ್ತಿದ್ದವು. ಇಲ್ಲಿ ಕೂದಲು ಕತ್ತರಿಸಿಕೊಂಡರೆ ಜ್ವರವೂ ಬಿಡುತ್ತದೆ ಎಂದು ಜನ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. "ನಾನು ಬರೆದಿದ್ರಲ್ಲಿ ಹಳೇ ಅಕ್ಷರ ಇಣುಕಿದ ದಿನ ನಾನು ಬ್ರಷ್ ಕೆಳಗಿಡ್ತೀನಿ," ಎನ್ನುತ್ತಿದ್ದ.

ಕಡ್ಡಿಗೆ ಈಗ ಅದೇ ಮಾತು ನೆನಪಾಗುತ್ತಿತ್ತು.

ಒಳಗಿನ ಕೋಣೆಯಲ್ಲಿ ಅಜ್ಜಿ ಹೊಲಿಗೆ ಮಿಷಿನ್ನಿಗೆ ಬಟ್ಟೆ ಮುಚ್ಚಿ, ಅದರ ಮೇಲೆ ತನ್ನ ಕನ್ನಡಕ ಇಟ್ಟು ಕೂತಿದ್ದಳು. ಬಿಳಿ ಹೊಡೆಯಲು ಬಿಚ್ಚಿದ ಬ್ಯಾನರಿನ ಅಂಚನ್ನು ಮತ್ತೆ ಮಡಚಿ, ಕೋಲು ತೂರಿಸಲು ಪಟ್ಟಿ ಹೊಲಿಯುವುದು ಯಾವಾಗಲೂ ಅಜ್ಜಿಯೇ. ಅಜ್ಜಿ ತಪ್ಪಿಸಿಕೊಂಡ ಮ್ಯಾಚಿಲ್ಲ. ರೆಫರಿಗೆ ಬೈಯುವುದರಲ್ಲಿ ಸ್ಟ್ಯಾಂಡಿನಲ್ಲಿ ಅಜ್ಜಿಯನ್ನು ಮೀರಿಸುವವರಿರಲಿಲ್ಲ.

"ಆ ಬಟ್ಟೆಗೆ ನನ್ನ ಮಿಷಿನ್ ಓಡಲ್ಲ," ಎಂದಳು ಅಜ್ಜಿ.

"ಯಾಕಮ್ಮ, ಸೂಜಿ ಮುರೀತಾ?" ಎಂದ ಅಪ್ಪ.

"ಸೂಜಿ ಸರಿಯಾಗಿದೆ. ಸರಿ ಇಲ್ಲದ್ದು ನಿನ್ನ ತಲೆ. ಇರಿ ಅಂದಾಗ ಇದ್ದ ಮನುಷ್ಯನಿಗೆ ಹೋಗು ಅಂತ ಬರೀತೀಯಲ್ಲೋ."

"ಏಳು ಮ್ಯಾಚಮ್ಮ."

"ನಿನ್ನ ಗಣಿತ ಚೆನ್ನಾಗಿದೆ," ಎಂದು ಅಜ್ಜಿ ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಡ್ರೈವರ್ ಮಾಮ ಬಂದ. ಬಸ್ ಓಡಿಸಿ ಓಡಿಸಿ ಅವನ ಗಂಟಲೇ ಹಾರ್ನ್ ಆಗಿಹೋಗಿತ್ತು. ಇಂದು ಮಾತ್ರ ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ಹೋದ ಕಣಯ್ಯ. ಬೆಳಿಗ್ಗೆ ರಾಜೀನಾಮೆ ಕೊಟ್ಟನಂತೆ."

ಅಪ್ಪನ ಬ್ರಷ್ಷು ಕೊನೆಯ ಅಕ್ಷರದ ಅರ್ಧದಲ್ಲಿ ನಿಂತಿತು.

ಅಪ್ಪ ಈಗ ಎದ್ದು ಕುಣಿಯುತ್ತಾನೆ ಎಂದುಕೊಂಡಳು ಕಡ್ಡಿ. ಅಪ್ಪ ಕುಣಿಯಲಿಲ್ಲ. ಚಿಂದಿ ಬಟ್ಟೆ ತೆಗೆದುಕೊಂಡು ಬ್ರಷ್ ಒರೆಸಿದ. ಒರೆಸುತ್ತಲೇ ಇದ್ದ.

ನಾವು ಕೇಳಿದ್ದೂ ಇದನ್ನೇ ತಾನೆ ಎಂದು ಮಾಮ ತನಗೆ ತಾನೇ ಹೇಳಿಕೊಂಡ. ಆಮೇಲೆ ಸ್ಟೂಲಿನ ಮೇಲೆ ಕೂತು, ಯಾರೂ ಕೇಳದಿದ್ದರೂ ಕಪ್ ಗೆದ್ದ ದಿನದ ಕತೆ ತೆಗೆದ. ಅಂದು ಟೀಮಿನ ಬಸ್ ಓಡಿಸಿದ್ದು ಅವನೇ. ಹುಡುಗರೆಲ್ಲ ಹಿಂದೆ ಹಾಡುತ್ತಿದ್ದರಂತೆ. ಮ್ಯಾನೇಜರ್ ಮುಂದಿನ ಸೀಟಿನಲ್ಲಿ, ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರಂತೆ.

"ಹಂಪ್ ಬಂದಾಗೆಲ್ಲ ನಿದ್ದೇಲೇ ಕಪ್ ಹಿಡ್ಕೊಳ್ತಿದ್ದ. ಮಗು ಹಿಡ್ಕೊಂಡ ಹಾಗೆ," ಎಂದ ಮಾಮ. ಹೇಳಿ ಮುಗಿಸುತ್ತಲೇ ಅವನಿಗೆ ತನ್ನ ಮೇಲೇ ಸಿಟ್ಟು ಬಂದಂತಿತ್ತು. "ಆದ್ರೂ ಏಳು ಮ್ಯಾಚು. ಮರೆಯೋಕಾಗುತ್ತಾ?"

"ಇನ್ನು ಈ ಬ್ಯಾನರ್ ಯಾಕೆ ಬಿಡು," ಎಂದ ಅಪ್ಪ.

ಕಡ್ಡಿಗೆ ಹೋದ ಜೀವ ಬಂದಂತಾಯಿತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ನಾಳೆಯ ಮ್ಯಾಚಿನ ಹಾಫ್ ಟೈಮಿನಲ್ಲಿ ಮ್ಯಾನೇಜರ್ ಮೈದಾನಕ್ಕೆ ಒಂದು ಸುತ್ತು ಹಾಕಿ ಎಲ್ಲರಿಗೂ ಬರ್ತೀನಿ ಎಂದು ಹೇಳಿ ಹೋಗುತ್ತಾರೆ ಎಂದ ಮಾಮ. ಕಷ್ಟಪಟ್ಟು ಬರೆದದ್ದನ್ನು ಅವರೂ ನೋಡಲಿ ಎಂದ.

ಅರ್ಧ ಬರೆದ ಅಕ್ಷರವನ್ನು ಹಾಗೇ ಬಿಡುವುದು ಅಪ್ಪನಿಗೆ ಆಗದ ಮಾತು. ಬಗ್ಗಿ ಕೊನೆಯ ಅಕ್ಷರವನ್ನು ಪೂರ್ತಿ ಮಾಡಿದ.

ಊಟಕ್ಕೆ ಕೂತಾಗ ಹೇಳಿಬಿಡಬೇಕೆಂದು ಕಡ್ಡಿ ನಾಲ್ಕು ಸಲ ಬಾಯಿ ತೆರೆದಳು. ಅಪ್ಪ, ಅಜ್ಜಿ ಇಬ್ಬರೂ ಮಾತು ಬಿಟ್ಟಿದ್ದರು. ಚಮಚ ತಟ್ಟೆಗೆ ತಾಗುವ ಸದ್ದೂ ಕೇಳುವಷ್ಟು ಮೌನ. ಅದರೊಳಗೆ ತನ್ನ ಮಾತನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಅಪ್ಪ ಒಂದು ಕೋಲು ಹಿಡಿದ, ಮಾಮ ಇನ್ನೊಂದು. ಅಜ್ಜಿ ಹೊಲಿಯದಿದ್ದರಿಂದ ಬಟ್ಟೆಯ ಅಂಚಿಗೆ ತೂತು ಮಾಡಿ ಹಗ್ಗ ಕಟ್ಟಿದ್ದರು. ಅಜ್ಜಿ ಅವರ ಜೊತೆ ಕೂರಲೂ ಇಲ್ಲ. ಕೂರುವ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಮೈದಾನದ ಆಚೆ ಬದಿಯ ಸ್ಟ್ಯಾಂಡಿಗೆ ಹೋಗಿಬಿಟ್ಟಳು. ಸಿಟ್ಟಿನಲ್ಲಿ ನೀರಿನ ಬಾಟಲಿಯನ್ನೂ ಮರೆತಿದ್ದಳು.

ಹಾಫ್ ಟೈಮಿಗೆ ಸೀಟಿ ಊದಿದರು. ಯಾರದೂ ಗೋಲಿಲ್ಲ. ಬಾಟಲಿ ಕೊಟ್ಟು ಬಾ ಎಂದು ಅಪ್ಪ ಕಡ್ಡಿಯನ್ನು ಕಳಿಸಿದ.

ಅವಳು ಅರ್ಧ ಸುತ್ತು ಓಡಿ ಅಜ್ಜಿಯ ಹತ್ತಿರ ತಲುಪಿದಾಗ, ಎದುರಿನ ಸ್ಟ್ಯಾಂಡಿನಲ್ಲಿ ಅಪ್ಪನೂ ಮಾಮನೂ ಬ್ಯಾನರನ್ನು ಎತ್ತಿದರು. ಸೂರ್ಯ ಅವರ ಬೆನ್ನ ಹಿಂದಿದ್ದ. ಬಿಸಿಲು ಬಟ್ಟೆಯನ್ನು ತೂರಿಕೊಂಡು ಈಚೆ ಬಂತು.

ಕಡ್ಡಿ ಅತ್ತ ತಿರುಗಿದಳು.

'ಸಾಕು, ಹೊರಡಿ'. ಅದರ ಹಿಂದಿನಿಂದ, ನೀರಿನಡಿಯಿಂದ ಮೇಲೆ ಬಂದಂತೆ, ನೀಲಿ ಅಕ್ಷರಗಳು: 'ಎಲ್ಲಿಗೂ ಹೋಗಬೇಡಿ'.

ಅಜ್ಜಿ ಎದುರಿಗೆ ನೋಡಿದಳು. ಕಡ್ಡಿಯ ಮುಖ ನೋಡಿದಳು.

"ಒಂದೇ ಕೋಟಾ?"

ಕಡ್ಡಿ ತಲೆಯಾಡಿಸಿದಳು.

"ಹಿಡ್ಕೊಂಡಿರೋರಿಗೆ ಅದು ಕಾಣಲ್ಲ," ಎಂದಳು ಅಜ್ಜಿ.

ಮೈದಾನದ ಮೂಲೆಯಿಂದ ಮ್ಯಾನೇಜರ್ ಆಗಲೇ ನಡೆಯಲು ಶುರುಮಾಡಿದ್ದರು. ಕರಿ ಶೂ, ಬೂದು ಕೋಟು. ಟಿವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಹೋ ಎಂದು ಕೂಗಿ ಅಣಕಿಸಿದರು. ಬಹಳ ಜನ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಒಬ್ಬ ಮುದುಕ ಮೊದಲು ಕೂಗಿ, ಅವರು ಹತ್ತಿರ ಬಂದ ಕೂಡಲೇ ಟೊಪ್ಪಿ ತೆಗೆದ.

ಇನ್ನು ಸ್ವಲ್ಪ ಹೊತ್ತಿಗೆ ಅವರು ಅಪ್ಪನ ಸ್ಟ್ಯಾಂಡಿನ ಮುಂದಿರುತ್ತಾರೆ. ಎಲ್ಲರೂ ನೋಡುತ್ತಾರೆ. ಅಪ್ಪನ ಅಕ್ಷರವನ್ನು ಊರಿನಲ್ಲಿ ಗುರುತು ಹಿಡಿಯದವರಿಲ್ಲ.

ಕಡ್ಡಿ ಓಡಿದಳು. ಜನರ ಮೊಣಕಾಲುಗಳ ನಡುವೆ, ಚೀಲಗಳನ್ನು ದಾಟಿ, ಮೆಟ್ಟಿಲು ಹತ್ತಿ ಇಳಿದು ಓಡಿದಳು. ಬೇಲಿಯ ಆಚೆ ಮ್ಯಾನೇಜರ್ ನಿಧಾನಕ್ಕೆ ನಡೆಯುತ್ತಿದ್ದರು. ಆದರೂ ಅವರೇ ಮುಂದಿದ್ದಾರೆ ಅನ್ನಿಸುತ್ತಿತ್ತು.

"ಅಪ್ಪ, ಇಳಿಸು. ಅದನ್ನ ಇಳಿಸು."

"ಯಾಕೆ? ಏನಾಯ್ತು?"

"ನಾನು ಒಂದೇ ಕೋಟು ಹೊಡೆದಿದ್ದು. ಡಬ್ಬಿ ಖಾಲಿ ಆಗಿತ್ತು. ಬಿಸಿಲಿಗೂ ಹಿಡಿದು ನೋಡ್ಲಿಲ್ಲ. ಹಳೇದು ಕಾಣ್ತಿದೆ ಅಪ್ಪ. ಪೂರ್ತಿ ಕಾಣ್ತಿದೆ."

ಅಪ್ಪ ಅವಳನ್ನೇ ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಅಪ್ಪ ಕೋಲನ್ನು ಅವಳ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊ," ಎಂದು ಬಟ್ಟೆಯ ಮುಂಭಾಗಕ್ಕೆ ಹೋದ.

ಕೋಲು ಭಾರವಾಗಿತ್ತು. ಗಾಳಿ ಬಟ್ಟೆಯನ್ನು ಎಳೆಯುತ್ತಿತ್ತು. ಬಟ್ಟೆಯ ಹಿಂದಿನಿಂದ ಕಡ್ಡಿಗೆ ಏನೂ ಕಾಣುತ್ತಿರಲಿಲ್ಲ. ಬಟ್ಟೆಯ ಕೆಳ ಅಂಚಿನಡಿಯಿಂದ ಮಾತ್ರ ನೆಲ ಕಾಣುತ್ತಿತ್ತು. ಅಲ್ಲಿ ಅಪ್ಪನ ಚಪ್ಪಲಿ, ಅದರ ಮೇಲೆಲ್ಲ ಬಣ್ಣದ ಚುಕ್ಕೆ. ಬೇಲಿಯ ಆಚೆಯಿಂದ ಎರಡು ಕರಿ ಶೂ ಬಂದವು. ಬಂದು ನಿಂತವು.

ಸ್ಟ್ಯಾಂಡ್ ಇದ್ದಕ್ಕಿದ್ದಂತೆ ಮೌನವಾಯಿತು.

ಶೂಗಳು ಅಲ್ಲಾಡಲಿಲ್ಲ. ಚಪ್ಪಲಿಗಳೂ ಅಲ್ಲಾಡಲಿಲ್ಲ. ಕಡ್ಡಿ ಎಣಿಸತೊಡಗಿದಳು. ಹದಿನೆಂಟರವರೆಗೆ ಎಣಿಸಿದಾಗ ಒಂದು ಮಾತಿನ ಸದ್ದು ಕೇಳಿದಂತಾಯಿತು, ಆದರೆ ಗಾಳಿಗೆ ಬಟ್ಟೆ ಪಟಪಟ ಎಂದಿತು. ಇಪ್ಪತ್ತಾರಕ್ಕೆ ಕರಿ ಶೂಗಳು ಮುಂದಕ್ಕೆ ಹೋದವು. ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನೊಬ್ಬರು.

ಅಪ್ಪನ ಚಪ್ಪಲಿಗಳು ಮಾತ್ರ ಬಹಳ ಹೊತ್ತು ಅಲ್ಲೇ ಇದ್ದವು.

ಮ್ಯಾಚ್ ಸಮಬಲದಲ್ಲಿ ಮುಗಿಯಿತು. ಮನೆಗೆ ಹೋಗುವ ದಾರಿಯಲ್ಲಿ ಮಾಮ ಬ್ಯಾನರಿನ ಸುದ್ದಿ ಎತ್ತಲಿಲ್ಲ. ಹೊಸ ಮ್ಯಾನೇಜರ್ ಯಾರಾಗಬಹುದೆಂದು ತಾನೇ ಕೇಳಿ, ತಾನೇ ಉತ್ತರ ಹೇಳಿಕೊಂಡ. ಅಜ್ಜಿ ಅವರ ಹಿಂದೆ ನಾಲ್ಕು ಹೆಜ್ಜೆ ಅಂತರದಲ್ಲಿ ದಿಂಬು ಹಿಡಿದು ಬರುತ್ತಿದ್ದಳು.

ಅಂಗಡಿಗೆ ಬಂದು ಅಪ್ಪ ಬ್ರಷ್‌ಗಳನ್ನೆಲ್ಲ ತೊಳೆಯಲು ಕೂತ. ಭಾನುವಾರ ಅಪ್ಪ ಬ್ರಷ್ ತೊಳೆಯುವವನಲ್ಲ.

"ಅಪ್ಪ, ಬ್ರಷ್ ಕೆಳಗಿಡ್ತೀಯಾ?"

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾಳೆ ಶೂ ಅಂಗಡಿ ಬೋರ್ಡ್ ಇದೆ," ಎಂದ. ಆಮೇಲೆ, "ಬಿಳಿ ನಾನೇ ಹೊಡೀತೀನಿ."

ಬೈದಿದ್ದರೆ ಚೆನ್ನಾಗಿತ್ತು. ಕಡ್ಡಿ ಕಣ್ಣು ಒರೆಸಿಕೊಂಡು, ನೆಲದ ಮೇಲಿದ್ದ ಬ್ಯಾನರಿನ ಹಗ್ಗ ಬಿಚ್ಚತೊಡಗಿದಳು.

"ಅವರು ಏನೋ ಹೇಳಿದ್ರು. ಏನಂದ್ರು?"

"ಅಕ್ಷರ ಚೆನ್ನಾಗಿದೆ ಅಂದ್ರು."

"ಯಾವುದು? ಕೆಂಪಾ, ನೀಲಿಯಾ?"

ಅಪ್ಪ ಬ್ರಷ್ಷನ್ನು ನೀರಿನಲ್ಲಿ ತಿರುಗಿಸಿದ. ನೀರು ಕೆಂಪಾಯಿತು.

"ನಾನು ಕೇಳ್ಲಿಲ್ಲ," ಎಂದ.

ಒಳಗಿನಿಂದ ಅಜ್ಜಿ ಬಂದು ಬ್ಯಾನರನ್ನು ಎಳೆದುಕೊಂಡು ಹೋದಳು. ಮಿಷಿನ್ನಿನ ಸದ್ದು ಕೇಳಿಸಿತು. ಹಗ್ಗಕ್ಕೆಂದು ಮಾಡಿದ್ದ ತೂತುಗಳು ಹರಿದು ದೊಡ್ಡವಾಗಿದ್ದವು. ಅಂಚನ್ನು ಮಡಚಿ ಹೊಲಿದು, ಮತ್ತೆ ತಂದು ಕಡ್ಡಿಯ ಮಡಿಲಿಗೆ ಹಾಕಿದಳು.

ಕಡ್ಡಿ ಅದನ್ನು ಸುತ್ತಿದಳು. ಸುತ್ತಿ ಕೆಳಗಿನ ಹಲಗೆಯ ಮುಂದೆ ನಿಂತಳು. ಎಲ್ಲಿಡಲಿ ಎಂದು ಕೇಳಲು ಅಪ್ಪನ ಕಡೆ ತಿರುಗಿದಳು. ಅಪ್ಪ ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದ.

ಅವಳು ಕೇಳಲಿಲ್ಲ. ಸ್ಟೂಲನ್ನು ಎಳೆದು, ಅದರ ಮೇಲೆ ಹತ್ತಿ, ಅಮ್ಮನ ಬೋರ್ಡಿನ ಪಕ್ಕದಲ್ಲಿದ್ದ ಖಾಲಿ ಜಾಗಕ್ಕೆ ಬಟ್ಟೆಯ ಸುರುಳಿಯನ್ನು ತಳ್ಳತೊಡಗಿದಳು. ಕೈ ಸಾಲಲಿಲ್ಲ. ತುದಿಗಾಲಿನಲ್ಲಿ ನಿಂತಳು. ಸ್ಟೂಲು ಅಲ್ಲಾಡಿತು.

ಮರುಕ್ಷಣ ಅದು ಅಲ್ಲಾಡುವುದು ನಿಂತಿತು. ಕಡ್ಡಿ ಕೆಳಗೆ ನೋಡಿದಳು. ಒದ್ದೆಯಾದ ಎರಡು ಕೈಗಳು ಸ್ಟೂಲಿನ ಕಾಲುಗಳನ್ನು ಗಟ್ಟಿಯಾಗಿ ಹಿಡಿದಿದ್ದವು. ಅಪ್ಪ ಮೇಲೆ ನೋಡುತ್ತಿರಲಿಲ್ಲ.