ಗೇಮ್‌ಗಾ, ದಿನದ ಕೆಲಸಕ್ಕಾ?

"ಗೇಮ್‌ಗಾ ಮ್ಯಾಮ್, ಇಲ್ಲಾ ದಿನದ ಕೆಲಸಕ್ಕಾ?"

ಫಿಲಿಪ್ಪೀನ್ಸಿನ ಕೆಸೋನ್ ಸಿಟಿಯ ಆ ಕಂಪ್ಯೂಟರ್ ಮಾರ್ಕೆಟ್ಟಿಗೆ ಲ್ಯಾಪ್‌ಟಾಪ್ ಹಿಡಿದು ಬಂದವರನ್ನೆಲ್ಲ ಮೊದಲು ಕೇಳುವ ಪ್ರಶ್ನೆ ಅದು. ಉತ್ತರ ನೋಡಿಕೊಂಡು ವಿಂಡೋಸೋ ಲಿನಕ್ಸೋ ಹಾಕಿಕೊಡುತ್ತಾರೆ. ಆದರೆ ಮಾಯುಮಿ ಉತ್ತರಿಸುವ ಮೊದಲು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು.

ಪಕ್ಕದಲ್ಲೇ ತಾಯಿ ನೆನಿತಾ ನಿಂತಿದ್ದಳು. ಮಗಳು ಆಟ ಬಿಟ್ಟು ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದಾಳೆಂದು ನಂಬಿ, ಮಧ್ಯಾಹ್ನದ ವ್ಯಾಪಾರ ಬಿಟ್ಟು ಅನ್ನದಂಗಡಿ ಮುಚ್ಚಿ ಬಂದವಳು. ಮುಂದಿನ ಶನಿವಾರ ಆನ್‌ಲೈನ್ ಆಟದ ಹುಡುಗಿಯರ ತಂಡಕ್ಕೆ ಆಯ್ಕೆ ಇದೆ, ಆ ತಂಡದ ನಾಯಕಿ ತನ್ನ ಮಗಳೇ ಆಗಬಹುದು ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ.

"ದಿನದ ಕೆಲಸಕ್ಕೆ. ಓದೋಕೆ, ಬರೆಯೋಕೆ ಅಷ್ಟೆ. ಗೇಮೆಲ್ಲ ನಂಗೆ ಆಗ್ಬರಲ್ಲ," ಎಂದಳು ಮಾಯುಮಿ.

ಕೌಂಟರಿನ ಆಚೆಗಿದ್ದ ಹುಡುಗ ತಟ್ಟನೆ ತಲೆಯೆತ್ತಿದ. ಕೊರಳಿನ ಗುರುತಿನ ಚೀಟಿಯಲ್ಲಿ ಸಾಂತೊ ಎಂದಿತ್ತು. ಅವನು ನೋಡಿದ ರೀತಿಗೆ ಅವಳು ಕೂದಲು ಸರಿಪಡಿಸಿಕೊಂಡಳು.

'ಯಾಕೆ ಹೀಗೆ ನೋಡ್ತಾನೆ... ನಾನು ಇಷ್ಟ ಆದ್ನಾ?'

ಪಾಪ, ಅವಳು ಊಹಿಸಿದ್ದರಲ್ಲಿ ಅರ್ಧ ಸರಿ ಇತ್ತು. ಉಳಿದರ್ಧವನ್ನು ಅವನು ನುಂಗಿಕೊಂಡ.

ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಭಾರವಾಗುತ್ತದೆ, ದಿನದ ಕೆಲಸಕ್ಕಾದರೆ ಲಿನಕ್ಸೇ ಹಗುರ ಎಂದು ಅವನು ನೆನಿತಾಗೆ ಬಿಡಿಸಿ ಹೇಳಿದ. ನೆನಿತಾ ತಲೆಯಾಡಿಸಿದಳು. ಮಾಯುಮಿಯೂ ಹೂಂಗುಟ್ಟಿದಳು. ಏನಾದರೇನು, ಆಮೇಲೆ ಹೇಗೋ ಆಟ ಹಾಕಿಕೊಂಡರಾಯಿತು ಎಂಬುದು ಅವಳ ಲೆಕ್ಕ.

ಕೆಲಸ ಮುಗಿಯುವವರೆಗೆ ತಾಯಿ ತರಕಾರಿಗೆ ಹೋದಳು. ಸಾಂತೊ ಮೆಟ್ಟಿಲ ಬಳಿಯಿಂದ ತುರೋನ್ ತಂದ. ಸಕ್ಕರೆಪಾಕ ಅಂಟಿದ ಬಿಸಿ ಬಾಳೆಹಣ್ಣಿನ ಸುರುಳಿಯನ್ನು ಎರಡಾಗಿ ಮುರಿದು, ಪಾಕ ಹೆಚ್ಚಾಗಿ ಅಂಟಿದ್ದ ತುಂಡನ್ನು ಅವಳಿಗೆ ಕೊಟ್ಟ. ಅವಳು ಮಾತಾಡುತ್ತಲೇ ಇದ್ದಳು, ಅವನು ಕೇಳುತ್ತಲೇ ಇದ್ದ. ಹೀಗೆ ತನ್ನ ಮಾತು ಕೇಳಿದ ಗಂಡಸನ್ನು ಅವಳು ಕಂಡಿರಲಿಲ್ಲ. ಮನೆಗೆ ಹೋಗುವ ಜೀಪ್ನಿಯಲ್ಲೇ ಅವನಿಗೆ ಮೆಸೇಜು ಹಾಕಿದಳು. ವಾರ ಕಳೆಯುವುದರೊಳಗೆ ಅವನ ಮೆಸೇಜು ಬಾರದಿದ್ದರೆ ಅವಳಿಗೆ ಅನ್ನ ಸೇರದಂತಾಯಿತು. ಹೌದು, ಪ್ರೀತಿಯೇ.

ಆಯ್ಕೆಯ ಹಿಂದಿನ ದಿನ ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ ಅವಳು ಆಟ ಹಾಕಿಕೊಂಡಳು. ಲಿನಕ್ಸಿನಲ್ಲೂ ಅದು ಹೇಗೋ ತೆರೆದುಕೊಂಡಿತು. ಎರಡು ಪಂದ್ಯ ಗೆದ್ದದ್ದೂ ಆಯಿತು. ಅಷ್ಟರಲ್ಲಿ ಪರದೆ ಕಪ್ಪಾಗಿ ಒಂದು ಸಾಲು ಮೂಡಿತು. ಮೋಸದ ಸಲಕರಣೆ ಬಳಸಿದ್ದೀರಿ, ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ!

ಮೋಸಗಾರರನ್ನು ಹಿಡಿಯಲು ಆ ಆಟದೊಳಗೆ ಇಟ್ಟಿದ್ದ ಕಾವಲು ವಿಂಡೋಸನ್ನು ಮಾತ್ರ ನಂಬುತ್ತಿತ್ತು. ಬೇರೆ ಬಾಗಿಲಿನಿಂದ ಬಂದವರೆಲ್ಲ ಅದಕ್ಕೆ ಕಳ್ಳರೇ.

ಹೈಸ್ಕೂಲಿನಿಂದ ಬೆಳೆಸಿದ ಖಾತೆ ಹೋಯಿತು. ತಂಡ ಹೋಯಿತು. ನಿನ್ನೆಯವರೆಗೆ ರಾಣಿ ಎನ್ನುತ್ತಿದ್ದ ಜೊತೆ ಆಟಗಾರರೇ ಗುಂಪಿನ ಮೈಕಿನಲ್ಲಿ ಕಳ್ಳಿ ಎಂದು ನಕ್ಕರು. ಅವಳಿಗೆ ಆ ನಗು ಹೊಸದೇನಲ್ಲ. ಕಳೆದ ವರ್ಷ ಅವಳ ತಂಡದಲ್ಲಿ ಮೈಕಿನಲ್ಲಿ ಮಾತೇ ಆಡದೆ, ನಿಧಾನಕ್ಕೆ ಆಡುವವನೊಬ್ಬನಿದ್ದ. ಆಮೆ ಎಂದು ಅವಳೇ ಹೆಸರಿಟ್ಟಿದ್ದಳು. ಅವನ ಖಾತೆ ಹೀಗೇ ಮುಚ್ಚಿದ ದಿನ, ಎಲ್ಲರೂ ಕೇಳುವಂತೆ, ಅವನು ಅಳುವವರೆಗೆ ಆಡಿಕೊಂಡು ನಕ್ಕವಳು ಅವಳೇ.

ಮರುದಿನ ನೇರವಾಗಿ ಅಂಗಡಿಗೆ ಹೋದಳು. ಮಾಲೀಕ ಮಾಂಗ್ ತೊಲಿಂಗ್ ಇದ್ದ, ಗಿರಾಕಿಗಳ ಸಾಲಿತ್ತು. ನನ್ನ ಆಟ ಹಾಳುಮಾಡಿದೆ ಎನ್ನಲು ಬಾಯಿ ತೆರೆದವಳಿಗೆ ತಾಯಿಯ ನೆನಪಾಯಿತು. ಆಟದ ಮಾತೆತ್ತಿದರೆ ಸುದ್ದಿ ಅನ್ನದಂಗಡಿ ಮುಟ್ಟಿಯೇ ಮುಟ್ಟುತ್ತದೆ. ಆದರೆ ಹೊಟ್ಟೆಯೊಳಗಿನ ಉರಿಗೆ ಏನಾದರೂ ಬೇಕಿತ್ತು.

"ಇವನು ರಿಪೇರಿ ನೆಪದಲ್ಲಿ ಮಷೀನಲ್ಲಿದ್ದ ನನ್ನ ಫೋಟೋಗಳನ್ನ ಕದ್ದು ನೋಡಿದಾನೆ," ಎಂದಳು.

ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಸಾಂತೊ ಅವಳನ್ನೇ ನೋಡಿದ. ಇಲ್ಲ ಎನ್ನಲಿಲ್ಲ. ಗುರುತಿನ ಚೀಟಿ ಕಳಚಿ ಮೇಜಿನ ಮೇಲಿಟ್ಟು ಹೊರಟುಹೋದ. ಗಿರಾಕಿಯ ಫೋಟೋ ನೋಡಿದವನೆಂಬ ಹೆಸರು ಬಂದಮೇಲೆ ಆ ಕಟ್ಟಡದಲ್ಲಿ ಯಾರೂ ಅವನಿಗೆ ಸ್ಕ್ರೂಡ್ರೈವರ್ ಕೂಡ ಕೊಡುವುದಿಲ್ಲ. ಅದು ಗೊತ್ತಿದ್ದೇ ಅವಳು ಆ ಮಾತು ಆಡಿದ್ದಳು. ಅಂದು ಹೊಟ್ಟೆ ತುಂಬಾ ಉಂಡಳು ಕೂಡ.

ಆಮೇಲೆ ಶುರುವಾಯಿತು ನೋಡಿ ಒದ್ದಾಟ. 'ಅವನು ಇಲ್ಲ ಅಂತ ಯಾಕೆ ಹೇಳಲಿಲ್ಲ...?'

ಫೋಟೋ ವಿಷಯ ಊರೆಲ್ಲ ಸುತ್ತಿ ನೆನಿತಾಳ ಕಿವಿಗೂ ಬಿತ್ತು. ಅವಳು ಸುಮ್ಮನಿರುವ ಪೈಕಿಯಲ್ಲ. ಆ ಬಡಾವಣೆಯ ಪಂಚಾಯಿತಿಯಂತಿದ್ದ ಬಾರಂಗಾಯ್ ಕಚೇರಿಗೆ ದೂರು ಹೋಯಿತು. ಇಲ್ಲಿ ಯಾವ ಜಗಳವೂ ಮೊದಲು ಅಲ್ಲೇ ಬರಬೇಕು. ಇಬ್ಬರನ್ನೂ ಎದುರುಬದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಲ್ಲಿನ ಮುಖ್ಯಸ್ಥೆ ಕಪಿತಾನಾ ವಿಚಾರಿಸುತ್ತಾಳೆ. ರಾಜಿಯಾಗದಿದ್ದರೆ ಮುಂದೆ ಪೊಲೀಸು.

ಸಾಂತೊ ಒಬ್ಬನೇ ಬಂದಿದ್ದ. ಕೆಲವೇ ದಿನಗಳಲ್ಲಿ ಸೊರಗಿದ್ದ. ಕಪಿತಾನಾ ಮಾಯುಮಿಯತ್ತ ತಿರುಗಿ, ನಡೆದದ್ದನ್ನು ಹೇಳು, ಇವತ್ತೇ ಪೊಲೀಸರನ್ನು ಕರೆಸುತ್ತೇನೆ ಎಂದಳು. ತಾಯಿ ಮಗಳ ಕೈ ಬಿಗಿಯಾಗಿ ಹಿಡಿದಳು.

ಹೌದು ಎಂದು ಒಂದು ಮಾತು ಹೇಳಿದರೆ ಅವನು ಜೈಲಿಗೆ. ಇಲ್ಲ ಎಂದರೆ ಈ ಕೈ ಮತ್ತೆ ತನ್ನನ್ನು ಹೀಗೆ ಹಿಡಿಯುವುದಿಲ್ಲ... ಮಾಯುಮಿ ತಾಯಿಯತ್ತ ತಿರುಗಿದಳು.

"ಅವನು ಏನೂ ನೋಡಿಲ್ಲ. ನಾನು ಸುಳ್ಳು ಹೇಳ್ದೆ. ನಾನಿನ್ನೂ ಗೇಮ್ ಆಡ್ತೀನಿ, ನಾನಾಯ್. ಪರೀಕ್ಷೆಗೆ ನಾನು ಓದ್ತಾನೇ ಇಲ್ಲ."

ನೆನಿತಾ ಕೈ ಬಿಟ್ಟಳು. ಬಿಟ್ಟ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆ ಒಂದು ಒರೆಸುವಿಕೆ ಯಾವ ಏಟಿಗಿಂತಲೂ ಹೆಚ್ಚು ನೋಯಿಸಿತು.

"ಇನ್ನೊಂದಿದೆ," ಎಂದ ಸಾಂತೊ. ಕಚೇರಿಯೊಳಗೆ ಅವನು ಆಡಿದ ಮೊದಲ ಮಾತದು. "ಅವಳು ದಿನದ ಕೆಲಸಕ್ಕೆ ಅಂದಾಗಲೇ ದನಿ ಗುರುತು ಸಿಕ್ತು. ಆಮೆ ಅಂತ ಕರೀತಿದ್ದಿದ್ದು ನನ್ನನ್ನೇ. ಲಿನಕ್ಸಲ್ಲಿ ಆಡಿದ್ದಕ್ಕೇ ನನ್ನ ಖಾತೆ ಹೋಗಿತ್ತು. ಅವಳದ್ದೂ ಹೋಗತ್ತೆ ಅಂತ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ."

ಮಾಯುಮಿ ಕುರ್ಚಿಯಿಂದ ಅರ್ಧ ಎದ್ದಳು. "ಆ ತುರೋನ್... ಆ ಮೆಸೇಜುಗಳು... ಅದೂ ಸುಳ್ಳಾ?"

"ಅದೊಂದೇ ನಿಜ. ನಿನ್ನ ದನಿ ಕೇಳೋಕೇ ದಿನಾ ನಿನ್ನ ತಂಡಕ್ಕೆ ಬರ್ತಿದ್ದೆ. ನೀನು ನಕ್ಕ ದಿನದಿಂದ ದ್ವೇಷ ಮಾಡೋಕೆ ನೋಡ್ದೆ, ಆಗಲಿಲ್ಲ. ಹಾಳು ಮಾಡೋಕೆ ಮಾತ್ರ ಆಯ್ತು."

ಕಪಿತಾನಾ ಇಬ್ಬರನ್ನೂ ದಿಟ್ಟಿಸಿದಳು. ಮಾಂಗ್ ತೊಲಿಂಗನ ಅಂಗಡಿಯಲ್ಲಿ ಗಿರಾಕಿಗಳ ಸಾಲಿನೆದುರು ನಿಂತು ಹುಡುಗಿ ನಿಜ ಹೇಳಬೇಕು ಎಂದು ತೀರ್ಪಿತ್ತು, ಇನ್ನು ನನ್ನ ಹೊತ್ತು ಹಾಳು ಮಾಡಬೇಡಿ ಎಂದು ಹೊರಗಟ್ಟಿದಳು.

ಅಂದೇ ಅವಳು ಹೋಗಿ ಹೇಳಿದಳು, ಜೊತೆಗೆ ಹೋದ ಸಾಂತೊನೂ ತಾನು ಮಾಡಿದ್ದನ್ನು ಒಪ್ಪಿಕೊಂಡ. ಜನ ಉಗಿದರು. ಮಾಂಗ್ ತೊಲಿಂಗ್ ಸಾಂತೊನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಗಿರಾಕಿಗೆ ಬೇಕೆಂದೇ ಕೇಡು ಬಗೆದವನು ನನಗೆ ಬೇಡ ಎಂದ. ಅದೂ ನ್ಯಾಯವೇ. ಅವಳ ಖಾತೆಯೂ ಮರಳಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ತುಸು ದೂರದಲ್ಲಿ ನೆನಿತಾ ಬೆನ್ನು ತಿರುಗಿಸಿ ನಿಂತಿದ್ದಳು. ಬೈದಿರಲಿಲ್ಲ, ಮಾತೂ ಆಡಿರಲಿಲ್ಲ, ಆದರೆ ಮಗಳನ್ನು ಬಿಟ್ಟು ಹೋಗಿಯೂ ಇರಲಿಲ್ಲ.

"ಮಷೀನು ತಗೊಂಡ್ಬಾ, ಸರಿ ಮಾಡಿಕೊಡ್ತೀನಿ," ಎಂದ ಸಾಂತೊ.

"ಎಲ್ಲಿಗೆ ತರಲಿ? ನಿಂಗೆ ಅಂಗಡೀನೇ ಇಲ್ವಲ್ಲ."

"ಯಾರ ದಯೆಯಿಂದ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನು ಅವಳ ಕಣ್ಣೊರೆಸಲಿಲ್ಲ. ತುಸು ಹತ್ತಿರ ಸರಿದು, ಹಳೆಯ ಪ್ರಶ್ನೆಯನ್ನೇ ಕೇಳಿದ.

"ಗೇಮ್‌ಗಾ ಮ್ಯಾಮ್, ಇಲ್ಲಾ ದಿನದ ಕೆಲಸಕ್ಕಾ?"

ಮಾಯುಮಿ ತಾಯಿಯ ಬೆನ್ನು ನೋಡಿದಳು. ಆ ಬೆನ್ನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಎರಡಕ್ಕೂ. ವಿಂಡೋಸು, ಲಿನಕ್ಸು ಎರಡನ್ನೂ ಹಾಕು."

"ಒಂದೇ ಮಷೀನಲ್ಲಿ ಎರಡಿಟ್ರೆ ಜಾಗಕ್ಕೆ ಕಿತ್ತಾಡ್ತವೆ. ಆಮೇಲೆ ನನ್ನ ಬೈಬಾರದು."

"ಬೈತೀನಿ, ಆಮೆ."

"ಬೈಯಿ," ಎಂದ ಸಾಂತೊ. "ಆ ದನಿ ಕೇಳಿ ತುಂಬಾ ದಿನ ಆಯ್ತು."