ದಾಳಿಂಬರಿ ಯಂತ್ರದ ಹಕ್ಕುದಾರ

ಮೌಲಾಹುಸೇನ ಪೇಡೆ ಹಂಚಿದ ದಿನ ಪಂಪಾಪತಿಯೂ ಒಂದು ತಿಂದ. ಗಂಟಲಲ್ಲಿ ಸಲೀಸಾಗಿ ಇಳಿದ ಪೇಡೆ ಹೊಟ್ಟೆಯಲ್ಲಿ ಮಾತ್ರ ಕರಗಲಿಲ್ಲ.

ಕುಷ್ಟಗಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮೌಲಾಹುಸೇನನ ವೆಲ್ಡಿಂಗ್ ಅಂಗಡಿ. ಮೂರು ವರ್ಷ ಮಾಡಿ ಮುರಿದು, ಮುರಿದು ಮಾಡಿ, ಅವನು ದಾಳಿಂಬರಿ ಬಿಡಿಸುವ ಯಂತ್ರವೊಂದನ್ನು ಎಬ್ಬಿಸಿ ನಿಲ್ಲಿಸಿದ್ದ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಸವೆದು ಮೂಲೆಗೆ ಬಿದ್ದ ರಬ್ಬರ್ ರೋಲರುಗಳನ್ನು ತಂದು ಎದುರುಬದುರು ಕೂರಿಸಿದ್ದ. ಮೇಲಿನಿಂದ ಹಣ್ಣು ಹಾಕಿದರೆ ಅದು ರೋಲರುಗಳ ನಡುವೆ ಸಿಕ್ಕು ಬಿರಿಯುತ್ತಿತ್ತು. ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. 2017ರ ಶ್ರಾವಣದಲ್ಲಿ ಅದು ಮೊದಲ ಸಲ ಸರಿಯಾಗಿ ಓಡಿದಾಗ, ಅಂಗಡಿಯಲ್ಲಿದ್ದ ನಾಲ್ಕು ಮಂದಿಗೆ ಪೇಡೆ ಕೊಟ್ಟು ಮೌಲಾಹುಸೇನ ಎಲ್ಲರನ್ನೂ ನೆನೆದ. ರೋಲರು ಕೊಟ್ಟ ಗಿರಣಿಯವರನ್ನು ನೆನೆದ. ಗಿಡದಲ್ಲೇ ಬಿರಿದ ಹಣ್ಣುಗಳನ್ನು ಬಿಟ್ಟಿ ಕೊಟ್ಟ ತೋಟದವರನ್ನು ನೆನೆದ. ಹೊತ್ತುಹೊತ್ತಿಗೆ ಚಹಾ ಕಳಿಸಿದ ಹೋಟೆಲಿನವನನ್ನೂ ಬಿಡಲಿಲ್ಲ. ಪಂಪಾಪತಿಯ ಹೆಸರು ಬರಲಿಲ್ಲ.

ಬರಬೇಕಿತ್ತು. ನಾಲ್ಕು ವರ್ಷದ ಹಿಂದೆ ಇದೇ ಅಂಗಡಿಯ ಬೆಂಚಿನ ಮೇಲೆ ಕೂತು ಹಣ್ಣು ಬಿಡಿಸುತ್ತ, ಕರೆ ಹಿಡಿದ ಉಗುರು ನೋಡಿಕೊಳ್ಳುತ್ತ, "ಇದಕ್ಕೊಂದು ಮಷೀನ್ ಮಾಡೋ ಮೌಲಾ" ಅಂದವನು ಅವನು. ಅಂದು ಎದ್ದು ಹೋಗಿದ್ದ, ಆಮೇಲೆ ಮರೆತೂ ಬಿಟ್ಟಿದ್ದ, ಅದೆಲ್ಲ ನಿಜ. ಆದರೆ ಅಂದಿದ್ದ. ಅಂದಮೇಲೆ ತಲೆ ತನ್ನದು, ಕೈ ಮಾತ್ರ ಮೌಲಾನದು. ಆ ರಾತ್ರಿಯ ಊಟದ ಹೊತ್ತಿಗೆ ಈ ವಿಚಾರ ಅವನಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, ತನ್ನ ವಸ್ತುವನ್ನು ತಾನು ವಾಪಸು ತೆಗೆದುಕೊಳ್ಳುವುದನ್ನು ಯಾರಾದರೂ ಕಳವು ಅಂದಾರೇ ಎಂದು ಅವನಿಗೆ ಸೋಜಿಗವಾಯಿತು.

ಪಂಪಾಪತಿ ಬಿ.ಕಾಂ. ಓದಿದವನು. ತಹಸೀಲ್ದಾರ ಕಚೇರಿಯ ಎದುರು ಅರ್ಜಿ ಬರೆಯುವ ಅಂಗಡಿ ಇಟ್ಟು ಹದಿನೆಂಟು ವರ್ಷವಾಗಿತ್ತು. ಈ ಹದಿನೆಂಟು ವರ್ಷ ಅವನಿಗೆ ಕಲಿಸಿದ್ದು ಒಂದೇ: ವಸ್ತು ಮೊದಲು, ಕಾಗದ ಆಮೇಲೆ ಎಂದು ತಿಳಿದವರು ಕಚೇರಿಯ ಮೆಟ್ಟಿಲ ಮೇಲೆ ಕೂತೇ ಮುದುಕರಾಗುತ್ತಾರೆ. ಹೊಲ ಉಳುವವನದಲ್ಲ, ಪಹಣಿಯಲ್ಲಿ ಹೆಸರಿದ್ದವನದು. ಯಂತ್ರಕ್ಕೂ ಒಂದು ಪಹಣಿ ಇರುತ್ತದೆ, ಅದಕ್ಕೆ ಪೇಟೆಂಟ್ ಎನ್ನುತ್ತಾರೆ, ಮೊದಲು ಅರ್ಜಿ ಹಾಕಿದವನದೇ ಹಕ್ಕು ಎಂಬುದನ್ನು ಅವನು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಓದಿ ತಿಳಿದುಕೊಂಡ. ಒಂದೇ ತೊಡಕು. ಅರ್ಜಿ ಹಾಕುವ ಮುಂಚೆ ಯಂತ್ರ ಊರ ಬಾಯಿಗೆ ಬೀಳಬಾರದು, ಮಾರಾಟವಾಗಬಾರದು.

ಅದನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ.

"ಮೌಲಾ, ಇದನ್ನ ಯಾರಿಗೂ ತೋರಸಬ್ಯಾಡ. ತಾಡಪಾಲು ಹೊದಿಸಿಬಿಡು."

"ಯಾಕ ಪಂಪಣ್ಣ?"

"ಜಗತ್ತಿನಾಗ ಕಳ್ಳರು ಭಾಳ ಅದಾರ. ಸಬ್ಸಿಡಿ ಲಿಸ್ಟಿನಾಗ ನಿನ್ನ ಮಷೀನ್ ಹೆಸರು ಸೇರಸ್ತೀನಿ. ಸೇರಿದ ಮ್ಯಾಲೆ ಬೇಕಾದಷ್ಟು ಮಾರು. ಅಳತಿ ಬರದ ನೋಟ್‌ಬುಕ್ ಐತಲ್ಲ, ಅದನ್ನ ಕೊಡು. ಅರ್ಜಿಗೆ ಒರಿಜಿನಲ್ಲೇ ಬೇಕಂತ."

ಮೌಲಾಹುಸೇನ ಗ್ರೀಸಿನ ಕೈ ಒರೆಸಿಕೊಂಡು ನೋಟ್‌ಬುಕ್ ಕೊಟ್ಟ. "ಒಯ್ಯಿ. ನನಗೇನು ಅದರ ಜರೂರತ್ ಇಲ್ಲ. ಅಳತಿ ಕೈಗೆ ರೂಢಿ ಆಗ್ಯಾವ."

ಅವನು ಮಾತು ಕಡಿಮೆಯ ಮನುಷ್ಯ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಕೇಳದ್ದನ್ನು ಹೇಳುತ್ತಿರಲಿಲ್ಲ. ಆ ಮೌನವನ್ನು ಪಂಪಾಪತಿ ಬಹಳ ದಿನಗಳಿಂದ ಪೆದ್ದುತನದ ಖಾತೆಗೆ ಬರೆದುಕೊಂಡಿದ್ದ.

ನೋಟ್‌ಬುಕ್ಕಿನಲ್ಲಿ ಹನ್ನೊಂದು ಚಿತ್ರಗಳಿದ್ದವು. ಪ್ರತಿಯೊಂದರ ಪಕ್ಕ ಒಂದು ಅಂಕಿ. ಪಂಪಾಪತಿ ಜೆರಾಕ್ಸ್ ಮಾಡಿಸಲಿಲ್ಲ, ಫೋಟೊ ತೆಗೆಯಲಿಲ್ಲ. ಎರಡೂ ಗುರುತು ಬಿಡುತ್ತವೆ. ನಾಲ್ಕು ಭಾನುವಾರ ಕೂತು, ಎರಡು ವರ್ಷ ಹಳೆಯ ಡೈರಿಯೊಂದರಲ್ಲಿ ಸ್ವಂತ ಕೈಯಿಂದ ನಕಲು ಮಾಡಿದ. ನಡುನಡುವೆ ಕೆಲವನ್ನು ಬರೆದು ಹೊಡೆದುಹಾಕಿದ. ಆಲೋಚನೆ ಮಾಡಿದವನ ಡೈರಿ ಅಷ್ಟು ಶುದ್ಧವಾಗಿರುವುದಿಲ್ಲ ಎಂಬ ಸೂಕ್ಷ್ಮ ಅವನಿಗೆ ಹೊಳೆದದ್ದು ನೋಡಿ ಅವನಿಗೇ ಖುಷಿಯಾಯಿತು. ಆದರೆ ಕೊನೆಯ ಅಂಕಿಗಳನ್ನು ಒಂದು ಚುಕ್ಕೆಯೂ ತಪ್ಪದಂತೆ ಇಳಿಸಿದ. ಬಳಿಕ ನೋಟ್‌ಬುಕ್ಕನ್ನು ಹಾಳೆ ಹಾಳೆಯಾಗಿ ಹರಿದು ಸ್ನಾನದ ನೀರಿನ ಒಲೆಗೆ ಹಾಕಿದ.

"ಮುಂಜಾನಿಂದ ಏನ್ ಬರ್ಯಾಕತ್ತೀರಿ?" ಎಂದಳು ಹೆಂಡತಿ ಶಿವಬಸಮ್ಮ, ಹಂಡೆಯ ನೀರು ಮುಟ್ಟಿ ನೋಡುತ್ತ.

"ಒಂದು ಮಷೀನ್ ಕಂಡುಹಿಡದೀನಿ."

"ಹೌದಾ? ಹಂಗಾದ್ರ ಹಿತ್ತಲದಾಗಿನ ನಳ ಒಂದೀಟು ನೋಡ್ರಿ. ಸೋರಾಕ ಹತ್ತಿ ಮೂರು ತಿಂಗಳಾತು."

ದೊಡ್ಡ ಕೆಲಸದಲ್ಲಿದ್ದವರನ್ನು ಮನೆಯವರು ಯಾವತ್ತೂ ಅರ್ಥ ಮಾಡಿಕೊಂಡಿಲ್ಲ ಎಂದುಕೊಂಡು ಪಂಪಾಪತಿ ಸ್ನಾನಕ್ಕೆ ನಡೆದ.

ಮುಂದಿನದೆಲ್ಲ ಎಣ್ಣೆ ಹಚ್ಚಿದಂತೆ ಜಾರಿತು. 2018ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಏಜೆಂಟರೊಬ್ಬರ ಮೂಲಕ ಅರ್ಜಿ ಹೋಯಿತು. ಒಂದು ಶುಕ್ರವಾರ ಮಧ್ಯಾಹ್ನ, ಮೌಲಾಹುಸೇನ ಅಂಗಡಿಯನ್ನು ಇವನಿಗೇ ಒಪ್ಪಿಸಿ ನಮಾಜಿಗೆ ಹೋದಾಗ, ತಾಡಪಾಲು ಸರಿಸಿ ಯಂತ್ರ ಓಡುವ ವಿಡಿಯೊ ತೆಗೆದುಕೊಂಡ. ಯಂತ್ರ ನಿಲ್ಲಿಸಿದ. ರೋಲರುಗಳಿಂದ ಕೆಂಪು ರಸ ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡ. ಸಿಹಿಯಾಗಿದ್ದವು.

ಪೇಟೆಂಟ್ ಆಫೀಸಿನವರು ಒಂದು ತಕರಾರು ತೆಗೆದರು: ರೋಲರಿನಿಂದ ಹಣ್ಣು ಬಿಡಿಸುವ ಯಂತ್ರಗಳು ಬೇರೆಯೂ ಇವೆ, ನಿಮ್ಮದರಲ್ಲಿ ಹೊಸತೇನು? ಏಜೆಂಟರು ಫೋನಿನಲ್ಲಿ ಹೇಳಿದರು, "ಅಳತಿ ಹಾಕಿಬಿಡೂಣ್ರಿ. ರೋಲರುಗಳ ನಡುವಿನ ಸಂದು ಇಷ್ಟೇ, ಕಾಳು ಜಾರೂ ಹಲಗಿ ಇಷ್ಟೇ ಎತ್ತರ ಅಂತ. ಹಕ್ಕು ಅಷ್ಟಕ್ಕ ಸಿಗ್ತೈತಿ, ಆದ್ರ ಸಿಗ್ತೈತಿ." ಪಂಪಾಪತಿ ಹನ್ನೊಂದು ಅಂಕಿಗಳನ್ನೂ ಕಳಿಸಿದ. ಮೌಲಾನ ಯಂತ್ರ ಆ ಅಳತೆಯದೇ ಆಗಿರುವಾಗ ಬೇಲಿ ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದು. 2019ರ ಕೊನೆಗೆ ಪೇಟೆಂಟ್ ಬಂತು. ಅದನ್ನು ಗಾಜಿನ ಚೌಕಟ್ಟು ಹಾಕಿಸಿ ಬೀರುವಿನ ಒಳಗಿಟ್ಟ. ಗೋಡೆಗೆ ತೂಗುಹಾಕುವ ಕಾಲ ಇನ್ನೂ ಬಂದಿರಲಿಲ್ಲ.

ಈ ನಡುವೆ, ಅರ್ಜಿ ಹೋದ ಮರುದಿನವೇ "ಇನ್ನ ಮಾರು" ಎಂದು ಮೌಲಾನಿಗೆ ಹೇಳಿದ್ದ. ಯಂತ್ರಗಳು ಕುಷ್ಟಗಿಯಿಂದ ಯಲಬುರ್ಗಾ, ಕೊಪ್ಪಳದವರೆಗೂ ಹೋದವು. ಪ್ರತಿ ಯಂತ್ರ ಟ್ರಾಲಿ ಏರುವಾಗಲೂ ಪಂಪಾಪತಿ ಸ್ವಂತ ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ನಿಂತು ನೋಡುತ್ತಿದ್ದ. ಪೇಟೆಂಟ್ ಕೈಗೆ ಬಂದ ಮೇಲೆ, ಮೂವತ್ತನೆಯದು ಹೋದ ವಾರ, ವಕೀಲರ ನೋಟಿಸು ಕಳಿಸಿದ. ಮಾರಿದ ಪ್ರತಿ ಯಂತ್ರಕ್ಕೂ ಐದು ಸಾವಿರ ಕೊಡಬೇಕು, ಇಲ್ಲವೇ ಇನ್ನು ಮುಂದೆ ಅದನ್ನು ಮಾಡಬಾರದು.

ನೋಟಿಸು ಇಂಗ್ಲಿಷಿನಲ್ಲಿತ್ತು. ಮೌಲಾಹುಸೇನ ಅದನ್ನು ಓದಿಸಲು ನೇರ ಪಂಪಾಪತಿಯ ಅಂಗಡಿಗೇ ತಂದ.

"ಏನೈತಿ ನೋಡು ಪಂಪಣ್ಣ. ಪೋಸ್ಟಿನಾಂವ ಇದರಾಗ ನಿನ್ನ ಹೆಸರೈತಿ ಅಂದ."

ಪಂಪಾಪತಿ ಎರಡು ದಿನದಿಂದ ಸಿದ್ಧ ಮಾಡಿಕೊಂಡಿದ್ದ ದನಿಯಲ್ಲಿ, ಹಕ್ಕು ಎಂದರೇನು, ಪರವಾನಗಿ ಎಂದರೇನು ಎಂದು ಬಿಡಿಸಿ ಹೇಳಿದ. ಮೌಲಾಹುಸೇನ ಕೊನೆಯವರೆಗೂ ಕೇಳಿದ.

"ಅಂದ್ರ, ನಾ ಮಾಡಿದ್ದು ನಾ ಮಾಡಬಾರದು?"

"ಮಾಡಬಹುದು. ನನ್ನ ಕೇಳಿ ಮಾಡಬೇಕು."

"ಬ್ಯಾರೆ ಕೆಲಸ ಎಲ್ಲಾ ಬಿಟ್ಟು ಇದನ್ನ ಹಿಡಕೊಂಡು ಕುಂತೀನಿ ನಾ. ಗೊತ್ತೈತಲ್ಲ ನಿನಗ?" ಎಂದ. ನೋಟಿಸು ಮಡಚಿ ಕಿಸೆಗಿಟ್ಟುಕೊಂಡು, "ಚಹಾ ಕುಡದೀಯೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದ. ಬೈಗುಳವನ್ನು ನಿರೀಕ್ಷಿಸಿದ್ದ ಪಂಪಾಪತಿಗೆ ಆ ಚಹಾದ ಮಾತು ಒಂದು ವಾರ ಕಿರಿಕಿರಿ ಮಾಡಿತು.

ಅಷ್ಟರಲ್ಲಿ ದೊಡ್ಡ ಮೀನೇ ಬಂತು. ಪೇಟೆಂಟ್ ಕೊಂಡು ಯಂತ್ರಗಳನ್ನು ತಾನೇ ತಯಾರಿಸಲು ಹುಬ್ಬಳ್ಳಿಯ ಕಂಪನಿಯೊಂದು ಮುಂದೆ ಬಂದಿತು. ವಿಡಿಯೊ ಅವರಿಗೆ ಮೆಚ್ಚಿಗೆಯಾಗಿತ್ತು. ಕರಾರಿಗೆ ಸಹಿ ಹಾಕುವ ಮುಂಚೆ ಓಡುವ ಯಂತ್ರವೊಂದನ್ನು ಕಣ್ಣಾರೆ ನೋಡಲು ತಮ್ಮ ಇಂಜಿನಿಯರ್ ಹೇಮಾ ಎಂಬಾಕೆಯನ್ನು ಕಳಿಸಿದರು. ಪಂಪಾಪತಿ ಅವಳನ್ನು ಮೌಲಾನ ಅಂಗಡಿಗೇ ಕರೆದೊಯ್ದ. ಕದ್ದು ಮಾಡುವವನ ಯಂತ್ರ ತನ್ನ ಪೇಟೆಂಟಿನದೇ ಎಂದು ಕಂಪನಿಯ ಇಂಜಿನಿಯರೇ ಅಳೆದು ಬರೆದುಕೊಟ್ಟರೆ ಮುಂದೆ ಕೋರ್ಟಿಗೂ ಅನುಕೂಲ.

"ನಿಮ್ಮ ಪೇಟೆಂಟಿನ ಪ್ರಕಾರ ನಾವು ಒಂದು ಮಾಡಿ ನೋಡಿದ್ವಿರಿ ಸರ್," ಎಂದಳು ಹೇಮಾ, ಬ್ಯಾಗಿನಿಂದ ಟೇಪು ತೆಗೆಯುತ್ತ. "ಹಣ್ಣು ಮ್ಯಾಲೆ ಹಾಕಿದ್ರ ಕೆಳಗ ಹಂಗ ಇಡೀದು ಬೀಳ್ತೈತಿ. ರೋಲರಿಗೆ ತಾಗೂದೂ ಇಲ್ಲ."

"ನಿಮ್ಮ ಹುಡುಗರು ಜೋಡಸಾಕ ತಪ್ಪ್ಯಾರ್ರಿ ಮೇಡಂ. ಇಲ್ಲಿ ನೋಡ್ರಿ, ಅದ ಮಷೀನು, ಹೆಂಗ ಓಡತೈತಿ."

ಯಂತ್ರ ಓಡಿತು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಹೇಮಾ ಅದನ್ನು ನಿಲ್ಲಿಸಿ, ಪೇಟೆಂಟಿನ ಹಾಳೆ ತೊಡೆಯ ಮೇಲಿಟ್ಟುಕೊಂಡು ಅಳೆಯತೊಡಗಿದಳು. ಸಂದು ಎರಡೂವರೆ ಇಂಚು, ಪೇಟೆಂಟಿನಲ್ಲಿ ಮೂರೂವರೆ. ರೋಲರಿನ ಉದ್ದ ಹತ್ತು, ಪೇಟೆಂಟಿನಲ್ಲಿ ಹನ್ನೊಂದು. ಹಲಗೆಯ ಎತ್ತರ ಆರು, ಪೇಟೆಂಟಿನಲ್ಲಿ ಏಳು. ಹನ್ನೊಂದು ಕಡೆ ಅಳೆದಳು. ಹನ್ನೊಂದು ಕಡೆಯೂ ಪೇಟೆಂಟಿನಲ್ಲಿ ಸರಿಯಾಗಿ ಒಂದೊಂದೇ ಇಂಚು ಹೆಚ್ಚು.

"ಇವರ ಮಷೀನು ನಿಮ್ಮ ಪೇಟೆಂಟಿನಾಗ ಬರೂದ ಇಲ್ಲಲ್ರಿ ಸರ್," ಎಂದಳು. "ಅದಿರಲಿ. ಈ ಅಳತಿ ಯಾರು ತಗೊಂಡಿದ್ದು?"

"ನಾನ ರೀ. ಸ್ವಂತ ಕೈಲೆ ಅಳದೀನಿ," ಎಂದ ಪಂಪಾಪತಿ. "ಹೊಸಾ ಟೇಪು ತಂದು, ಒಂದೊಂದು ಎರಡೆರಡು ಸಲ. ಬ್ಯಾರೆ ಯಾರ ಹಂಗೂ ಇಲ್ಲ."

ಹೇಮಾ ಮೌಲಾಹುಸೇನನ ಕಡೆ ತಿರುಗಿದಳು. "ಚಾಚಾ, ನೀವು ಹೆಂಗ ಅಳಿತೀರಿ, ಒಂದೀಟು ತೋರಸ್ರಿ." ಮೌಲಾಹುಸೇನ ಡ್ರಾಯರಿನಿಂದ ತನ್ನ ಉಕ್ಕಿನ ಅಳತೆಪಟ್ಟಿ ತೆಗೆದು ರೋಲರುಗಳ ಸಂದಿಗೆ ಹಿಡಿದ. ಪಟ್ಟಿಯ ಒಂದು ತುದಿ ಮುರಿದು ಹೋಗಿತ್ತು. ಅಂಕಿಗಳು ಶುರುವಾಗುತ್ತಿದ್ದುದೇ ಒಂದರಿಂದ. "ಅಪ್ಪನ ಕಾಲದ ಪಟ್ಟಿ ಬೇಟಿ, ಮೂತಿ ಮುರದು ಹದಿನೈದು ವರ್ಷಾತು. ಒಂದರ ಮ್ಯಾಲೆ ಇಟ್ಟು, ಆ ಕಡೆ ಬಂದ ನಂಬರ್ ಹಂಗ ಬರಕೋತೀನಿ. ನೋಡು, ಮೂರೂವರಿ. ಕೊಯ್ಯೂದೂ ಇದರಲೇನ, ಹಿಂಗಾಗಿ ನನಗ ಫರಕ್ ಬೀಳೂದಿಲ್ಲ. ನೋಟ್‌ಬುಕ್ಕಿನಾಗ ಎಲ್ಲಾ ಹಂಗ ಬರದಿದ್ದೆ, ಈಗದು ಪಂಪಣ್ಣನ ಹತ್ತರ ಐತಿ." ಇಲ್ಲ, ಅದು ತನ್ನ ಹತ್ತಿರ ಇಲ್ಲ, ಒಂದು ಹಾಳೆಯೂ ಉಳಿಯದಂತೆ ಸುಟ್ಟಿದ್ದೇನೆ ಎಂದು ಪಂಪಾಪತಿ ಹೇಳುವ ಹಾಗಿರಲಿಲ್ಲ. ಹೇಳಿದರೂ ಸುಳ್ಳಾಗುತ್ತಿತ್ತು, ಏಕೆಂದರೆ ಹೇಮಾಳ ತೊಡೆಯ ಮೇಲೆ, ಸರ್ಕಾರದ ಮುದ್ರೆಯ ಕೆಳಗೆ, ಹನ್ನೊಂದೂ ಅಂಕಿಗಳು ತಮ್ಮ ಮುರಿದ ಇಂಚಿನ ಸಮೇತ ಹಾಗೆಯೇ ಇದ್ದವು. ಅಂಥ ಅಂಕಿಗಳನ್ನು ಕೊಡುವ ಪಟ್ಟಿ ಕುಷ್ಟಗಿಯಲ್ಲಿ ಅದೊಂದೇ ಇತ್ತು.