ಭಾನುವಾರದ ಬಸ್ಸು

ಎದುರಿಗಿರುವವರ ಮುಖ ಬಾಡಿದರೆ ಸಾಕು, ಏನೂ ಗೊತ್ತಿಲ್ಲದೆಯೂ ಸಮಾಧಾನ ಹೇಳಿಬಿಡುತ್ತೇನಲ್ಲ ಎಂಬುದು ಇಂದುವಿನ ಚಿಂತೆ. ಅಮೆರಿಕದ ಯೂನಿಯನ್ ಸಿಟಿಯ ಪೊಲೀಸ್ ಠಾಣೆಯಲ್ಲಿ ದೂರುಗಳನ್ನು ಟೈಪ್ ಮಾಡುವವಳಿಗೆ ಇದು ಒಳ್ಳೆಯ ಚಾಳಿಯಲ್ಲ ಎಂದು ಡೈರಿಯಲ್ಲೂ ಬರೆದುಕೊಂಡಿದ್ದಳು.

೧೯೮೭ರ ಡಿಸೆಂಬರ್ ೯, ಬುಧವಾರ. ಬೆಳಗ್ಗೆ ವೇದವತಿ ಎಂಬಾಕೆ ದೂರು ತಂದರು. ಗಂಡ ವೆಂಕಟಾಚಲ ಫಿಜಿ ದ್ವೀಪದಲ್ಲಿ ಡಾಕ್ಟರು. ಆ ವರ್ಷ ಅಲ್ಲಿ ಸೈನ್ಯ ಸರಕಾರವನ್ನು ಉರುಳಿಸಿತ್ತು. ಗಂಡನನ್ನು ಇಲ್ಲಿಗೆ ಕರೆಸಿಕೊಳ್ಳುವ ವೀಸಾ ಸಂದರ್ಶನ ಮುಂದಿನ ವಾರಕ್ಕೆ ನಿಗದಿಯಾಗಿತ್ತು. ಅದಕ್ಕೆ ಬೇಕಾದ ಮೂಲಪತ್ರಗಳನ್ನು, ಫಿಜಿಗೆ ಪಾರ್ಸೆಲ್ ಕಳಿಸುವ ಅಂಗಡಿಯ ಜಯರಾಮ್ ಕೈಗೆ ಕೊಟ್ಟು ತಿಂಗಳಾಗಿತ್ತು.

"ತಲುಪಿಲ್ಲ ಅಂತ ನಿನ್ನೆ ಯಜಮಾನ್ರು ಫೋನ್ ಮಾಡಿದ್ರು. ಈ ಮನುಷ್ಯನ್ನ ಕೇಳಿದ್ರೆ, ತಲುಪಿಸಾಯ್ತಲ್ಲಮ್ಮ ಅಂತಾನೆ. ಸಿಗತ್ತೇನ್ರೀ?"

"ಸಿಕ್ಕೇ ಸಿಗತ್ತೆ," ಎಂದುಬಿಟ್ಟಳು ಇಂದು.

ಡಿಟೆಕ್ಟಿವ್ ಮೊರಾಲೆಸ್ ಜಯರಾಮನನ್ನು ಠಾಣೆಗೆ ಕರೆಸಿದರು. ಹೇಳಿಕೆ ದಾಖಲಿಸಲು ಇಂದು ಪಕ್ಕದಲ್ಲಿ ಕೂತಳು.

"ಪಾರ್ಸೆಲ್ ಯಾವಾಗ ತಲುಪಿತು?"

"ಮೊನ್ನೆ ಭಾನುವಾರ."

"ತಲುಪಿಸಿದ್ದು ಯಾರು?"

"ನಮ್ಮಣ್ಣ ಶೇಷಾದ್ರಿ. ಫಿಜೀಲಿ ಪಾರ್ಸೆಲ್ ಚೀಲ ಇಳಿಸ್ಕೊಳ್ಳೋದು ಅವನೇ. ಬಸ್ಸಲ್ಲಿ ಆಸ್ಪತ್ರೆಗೆ ಹೋಗಿ ಕೊಟ್ಟ. ಬಸ್ಸು ತುಂಬಾ ರಶ್ಶು, ನಿಂತ್ಕೊಂಡೇ ಹೋದನಂತೆ, ಪಾಪ."

ಹೊರಗೆ ಬೆಂಚಿನ ಮೇಲಿದ್ದ ವೇದವತಿಗೆ ಮೊರಾಲೆಸ್ ಈ ಹೇಳಿಕೆಯನ್ನು ಓದಿ ಹೇಳಿದರು. ಆಕೆ ಎದ್ದೇ ನಿಂತರು.

"ಭಾನುವಾರ ಬಸ್ಸಾ? ಅಲ್ಲಿ ಹೊಸ ಸರಕಾರ ಭಾನುವಾರ ಬಸ್ಸು, ಟ್ಯಾಕ್ಸಿ ಎಲ್ಲಾ ನಿಲ್ಲಿಸಿಬಿಟ್ಟಿದೆ! ನಮ್ಮ ಯಜಮಾನ್ರು ಆಸ್ಪತ್ರೆಗೆ ನಡ್ಕೊಂಡು ಹೋಗ್ತಿದಾರೆ."

"ಹಾಗಾದರೆ ಓಡದ ಬಸ್ಸಿನಲ್ಲೂ ಇವರಣ್ಣನಿಗೆ ಸೀಟು ಸಿಗಲಿಲ್ಲ," ಎಂದು ಮೊರಾಲೆಸ್ ಟೋಪಿ ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ನ್ಯಾಯಾಧೀಶರು ಶೋಧನೆಯ ವಾರೆಂಟಿಗೆ ಸಹಿ ಹಾಕಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿಮೂಟೆಗಳ ಮರೆಯಲ್ಲಿ, ಫಿಜಿಗೆ ಹೋಗಬೇಕಿದ್ದ ಪಾರ್ಸೆಲ್ ಚೀಲಗಳನ್ನು ಸೂರಿನ ತನಕ ಪೇರಿಸಲಾಗಿತ್ತು. ಒಂದರ ಹೊಲಿಗೆಯನ್ನೂ ಬಿಚ್ಚಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿದರು. ಮೂರನೆಯ ಚೀಲದಲ್ಲಿ ವೇದವತಿಯ ಪಾರ್ಸೆಲ್ ಸಿಕ್ಕಿತು. ಫೋಟೋ ತೆಗೆಸಿ, ಸಹಿ ಮಾಡಿಸಿಕೊಂಡು, ಮೊರಾಲೆಸ್ ಅದನ್ನು ಠಾಣೆಗೆ ತಂದು ಆಗಲೇ ಆಕೆಯ ಕೈಗಿತ್ತರು. ವೇದವತಿ ಅದನ್ನು ಎದೆಗವಚಿಕೊಂಡು ಪೊಲೀಸರ ಎದುರೇ ಒಂದು ಸುತ್ತು ಕುಣಿದರು. ಪಾರ್ಸೆಲ್ ಸಂಜೆಯ ವಿಮಾನ ಹತ್ತಿತು.

ವಂಚನೆಯ ಆರೋಪದ ಮೇಲೆ ಜಯರಾಮನನ್ನು ಬಂಧಿಸಲಾಯಿತು.

"ಮುಂಚೇನೇ ಹೇಳಬಹುದಿತ್ತಲ್ಲ, ಚೀಲ ಹೋಗ್ತಿಲ್ಲ ಅಂತ?" ಎಂದು ಕೇಳಿದರು ಮೊರಾಲೆಸ್.

"ಗಲಾಟೆ ಆದಾಗಿನಿಂದ ಅಣ್ಣನ ಫೋನು ಎತ್ತೋರೇ ಇಲ್ಲ. ಇಳಿಸ್ಕೊಳ್ಳೋರಿಲ್ಲದೆ ಚೀಲ ಯಾರಿಗೆ ಕಳಿಸ್ಲಿ? ಹೋಗ್ತಿಲ್ಲ ಅಂತ ಹೇಳಿದ್ರೆ, ಅಣ್ಣ ಇಲ್ಲ ಅಂತ ನಾನೇ ಹೇಳಿದಂಗೆ."

ಲಾಕಪ್ಪಿನ ಬಾಗಿಲಲ್ಲಿ ಅವನು ಇಂದುವಿನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ. "ಅವನು ಚೆನ್ನಾಗೇ ಇದಾನೆ, ಅಲ್ವೇನಮ್ಮಾ?"

ಇಂದು ಅವನ ಮುಖವನ್ನೇ ನೋಡಿದಳು.

"ನನಗೆ ಗೊತ್ತಿಲ್ಲ ಸಾರ್," ಎಂದಳು.